ಕೋಟೆಯೂ ಕಿಂಡಿಯೂ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಂಡವರೆಲ್ಲರೂ ಅದರ ಕಲ್ಲುಗಳ ಗಾತ್ರಕ್ಕೆ ಬೆರಗಾಗುತ್ತಾರೆ. ಆದರೆ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದಿರುವುದು ಆ ಕಲ್ಲಿನ ಗೋಡೆಯಲ್ಲ. ಒಬ್ಬ ಮನುಷ್ಯನು ಮೈ ಕುಗ್ಗಿಸಿಕೊಂಡು ನುಸುಳಬಹುದಾದಷ್ಟೇ ಅಗಲವಾದ ಒಂದು ಕಿಂಡಿ. ಗೋಡೆಯನ್ನು ಒಡೆಯಲಾರದ ಹೈದರಾಲಿಯ ಸೈನಿಕರು ಆ ಕಿಂಡಿಯನ್ನು ಹುಡುಕಿ ಬಂದರೆಂದೂ, ಕಾವಲುಗಾರನು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ಅವನ ಮಡದಿ ಓಬವ್ವ ಒನಕೆ ಹಿಡಿದು ನಿಂತಳೆಂದೂ ಹೇಳುವುದುಂಟು. ಗಣಕಯಂತ್ರದ ಸುರಕ್ಷತೆಯನ್ನು ಕುರಿತು ಇಂದು ನಡೆಯುತ್ತಿರುವ ವಾದಗಳನ್ನು ಕೇಳಿದಾಗ ಈ ಕಥೆ ನೆನಪಾಗುವುದು ಸಹಜ. ವಾದಿಸುವವರು ಬಹುಮಟ್ಟಿಗೆ ಗೋಡೆಯ ಎತ್ತರವನ್ನು ಅಳೆಯುತ್ತಾರೆ. ಕಿಂಡಿಯ ಮಾತನ್ನು ಎತ್ತುವವರು ಕಡಿಮೆ.

ವಾದವಾದರೂ ಏನು? ಗಣಕಯಂತ್ರಕ್ಕೂ ಅದನ್ನು ಬಳಸುವವನಿಗೂ ನಡುವೆ ನಿಂತು, ಕಡತಗಳನ್ನು ಜೋಪಾನವಾಗಿಡುವ, ಕೇಳಿದಾಗ ತೆರೆದು ಕೊಡುವ, ಯಾವ ಕೆಲಸಕ್ಕೆ ಯಾರಿಗೆ ಅಧಿಕಾರವುಂಟೆಂದು ನಿರ್ಧರಿಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಮ್ಯಾಕ್, ಲಿನಕ್ಸ್ ಇವು ಆ ಜಾತಿಗೆ ಸೇರಿದುವು. ವಿಂಡೋಸನ್ನು ಬಿಟ್ಟು ಲಿನಕ್ಸಿಗೆ ಬಂದರೆ ವೈರಸ್ಸಿನ ಭಯವೇ ಇರದು, ವರ್ಷ ವರ್ಷವೂ ಆಂಟಿವೈರಸ್ಸಿಗೆ ಹಣ ತೆರಬೇಕಾಗಿಲ್ಲ ಎಂಬುದು ಒಂದು ಪಕ್ಷ. ಇರುವುದನ್ನು ಬಿಟ್ಟು ಇಲ್ಲದ ತೊಂದರೆಯನ್ನು ಕೊಂಡುಕೊಳ್ಳುವುದೇಕೆ, ಒಳ್ಳೆಯ ಆಂಟಿವೈರಸ್ ಒಂದಿದ್ದರೆ ಸಾಕಲ್ಲವೆ ಎಂಬುದು ಇನ್ನೊಂದು ಪಕ್ಷ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಹಳೆಯ ಯಂತ್ರಗಳನೇಕವನ್ನು ಒಪ್ಪುವುದಿಲ್ಲ. ಆದುದರಿಂದ, ಯಂತ್ರವು ಚೆನ್ನಾಗಿಯೇ ಇದ್ದರೂ ಅದರೊಳಗಿನ ವ್ಯವಸ್ಥೆಗೆ ವಯಸ್ಸಾಯಿತೆಂಬ ಇಕ್ಕಟ್ಟಿಗೆ ಸಾಮಾನ್ಯ ಮನೆಗಳೂ ಶಾಲೆಗಳೂ ಸಿಲುಕಿದುವು. ಅಲ್ಲಿಯವರೆಗೆ ಆಸಕ್ತರ ಹರಟೆಯಾಗಿದ್ದ ವಾದವು ಎಲ್ಲರ ಪ್ರಶ್ನೆಯಾದುದು ಹೀಗೆ.

ಮೊದಲು ಆಂಟಿವೈರಸ್ಸಿನ ವಿಚಾರ. ವೈಯಕ್ತಿಕ ಗಣಕಗಳಲ್ಲಿ ಹರಡಿದ ಮೊದಲ ವೈರಸ್ಸುಗಳಲ್ಲಿ ಒಂದಾದ ‘ಬ್ರೇನ್’ 1986ರಲ್ಲಿ ಲಾಹೋರಿನಲ್ಲಿ ಹುಟ್ಟಿತು. ಅದನ್ನು ಬರೆದ ಇಬ್ಬರು ಸೋದರರು ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅದರಲ್ಲಿಯೇ ಸೇರಿಸಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ನಿಧಾನವಾಗಿ ನಡೆದು ಹೋಗುತ್ತಿದ್ದ ಕಾಲವದು. ಅಂದಿನ ಆಂಟಿವೈರಸ್ಸು ಪೊಲೀಸ್ ಠಾಣೆಯಲ್ಲಿ ತೂಗುಹಾಕಿದ ಕಳ್ಳರ ಭಾವಚಿತ್ರಗಳ ಹಾಗೆ. ಪಟ್ಟಿಯಲ್ಲಿರುವ ಮುಖವನ್ನು ಕಂಡರೆ ಹಿಡಿಯುತ್ತಿತ್ತು. ಪಟ್ಟಿಯಲ್ಲಿಲ್ಲದ ಹೊಸ ಕಳ್ಳನು ಬಂದರೆ ಅದಕ್ಕೆ ಗುರುತು ಸಿಕ್ಕುತ್ತಿರಲಿಲ್ಲ. ಈಗಿನವು ಮುಖವನ್ನಲ್ಲದೆ ನಡತೆಯನ್ನೂ ನೋಡುತ್ತವೆ, ನಿಜ. ಆದರೂ ಫ್ರೆಡ್ ಕೋಹೆನ್ ಎಂಬ ಅಮೆರಿಕದ ವಿದ್ವಾಂಸರು 1984ರಲ್ಲಿಯೇ ಒಂದು ಮಾತನ್ನು ತರ್ಕದಿಂದ ಸಾಧಿಸಿ ತೋರಿಸಿದರು: ಎಲ್ಲ ವೈರಸ್ಸುಗಳನ್ನೂ ತಪ್ಪದೆ ಗುರುತಿಸಿ, ನಿರಪರಾಧಿಯಾದ ಯಾವ ತಂತ್ರಾಂಶವನ್ನೂ ವೈರಸ್ಸೆಂದು ದೂರದಿರುವ ತಂತ್ರಾಂಶವನ್ನು ಯಾರೂ ಬರೆಯಲಾರರು. ಇದು ಬರೆಯುವವನ ಜಾಣ್ಮೆಯ ಕೊರತೆಯಲ್ಲ, ಗಣಿತದ ಮಿತಿ. ನೂರಕ್ಕೆ ನೂರು ರಕ್ಷಣೆ ಎಂದು ಪೆಟ್ಟಿಗೆಯ ಮೇಲೆ ಯಾರಾದರೂ ಅಚ್ಚು ಹಾಕಿಸಿದರೆ ಅದನ್ನು ಎಷ್ಟು ನಂಬಬೇಕೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟಲ್ಲದೆ, ಕಾವಲುಗಾರನಿಗೆ ಮನೆಯ ಎಲ್ಲ ಕೋಣೆಗಳ ಬೀಗದ ಕೈಯನ್ನೂ ಕೊಡಬೇಕಾಗುತ್ತದೆ. ಅವನೇ ಎಡವಿದರೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ಒಂದು ದೋಷಯುಕ್ತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಕುಸಿದುವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಜಗತ್ತಿನ ಹಲವೆಡೆ ವಿಮಾನಗಳು ನಿಂತುವು. ಭಾರತದಲ್ಲಿಯೂ ಕೆಲವು ಪ್ರಯಾಣಿಕರು ಕೈಬರಹದ ಚೀಟಿಗಳನ್ನು ಹಿಡಿದು ವಿಮಾನವೇರಿದರು. ಅಂದು ಯಾವ ವೈರಸ್ಸೂ ದಾಳಿ ಮಾಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತೆನ್ನುವುದು ಇಲ್ಲಿ ಸ್ವಲ್ಪ ಕಠಿಣವಾದ ಮಾತಾದೀತು, ಏಕೆಂದರೆ ಬೇಲಿಗೆ ದುರುದ್ದೇಶವಿರಲಿಲ್ಲ. ಆದರೆ ಬೇಲಿಯು ಬೆಳೆಯ ಮೇಲೆ ಬಿದ್ದುದಂತೂ ಹೌದು.

ಹಾಗಾದರೆ ವ್ಯವಸ್ಥೆಯನ್ನೇ ಬದಲಾಯಿಸೋಣವೆನ್ನುವವರ ಮಾತಿಗೆ ಬಲ ಬಂದಂತಾಯಿತಲ್ಲವೆ? ಒಂದು ಮಟ್ಟಿಗೆ ಬಂದಿತು. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನಿಗೆ ಮೊದಲಿನಿಂದಲೂ ಸೀಮಿತವಾದ ಅಧಿಕಾರ. ಇಡೀ ಯಂತ್ರವನ್ನು ಮುಟ್ಟುವ ಕೆಲಸವಾದರೆ ಬೇರೆಯಾಗಿ ಅನುಮತಿ ಬೇಕು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಮನೆಯ ಗಣಕವನ್ನು ಬಳಸುವ ಮಗುವಿಗೂ ಬಹುಮಟ್ಟಿಗೆ ಪೂರ್ಣಾಧಿಕಾರವೇ ಇರುತ್ತಿತ್ತು. ಮಗುವು ತೆರೆದ ಕಡತಕ್ಕೂ ಅದೇ ಅಧಿಕಾರ ದೊರೆಯುತ್ತಿತ್ತು. ಮುಂದೆ 2007ರ ವಿಂಡೋಸ್ ವಿಸ್ಟಾದಲ್ಲಿ ಇದಕ್ಕೆ ಕಡಿವಾಣ ಬಿದ್ದಿತು. ಕಂಡಕಂಡಲ್ಲಿಂದ ತಂತ್ರಾಂಶವನ್ನು ತಂದುಕೊಳ್ಳದೆ, ಪರೀಕ್ಷಿಸಿಟ್ಟ ಒಂದೇ ಉಗ್ರಾಣದಿಂದ ಪಡೆಯುವ ಲಿನಕ್ಸಿನ ಪದ್ಧತಿಯೂ ಮೆಚ್ಚತಕ್ಕದ್ದೇ.

ಆದರೆ ಈ ಗುಣಗಳನ್ನು ಹೇಳುವವರು ಇನ್ನೊಂದು ಕಾರಣವನ್ನು ಮರೆಮಾಡುತ್ತಾರೆ. ಮೇಜಿನ ಮೇಲಿನ ಗಣಕಗಳಲ್ಲಿ ಹೆಚ್ಚಿನವು ವಿಂಡೋಸಿನವು; ಕಳ್ಳನು ಜಾತ್ರೆಗೆ ಹೋಗುತ್ತಾನೆಯೇ ಹೊರತು ಒಂಟಿ ಮನೆಗೆ ಹೋಗುವುದು ಅಪರೂಪ. ಜನ ಸೇರಿದರೆ ಅಲ್ಲಿಗೂ ಅವನು ಬರುತ್ತಾನೆ. ಮ್ಯಾಕಿಗೆ ವೈರಸ್ ಬಾರದೆಂಬ ಹೆಮ್ಮೆ 2012ರಲ್ಲಿ ಮುರಿಯಿತು. ಫ್ಲಾಶ್‌ಬ್ಯಾಕ್ ಎಂಬ ದುಷ್ಟ ತಂತ್ರಾಂಶವು 6 ಲಕ್ಷಕ್ಕೂ ಹೆಚ್ಚು ಮ್ಯಾಕ್‌ಗಳನ್ನು ಹೊಕ್ಕಿತ್ತು. ಲಿನಕ್ಸಿನ ಸರದಿ 2016ರಲ್ಲಿ ಬಂದಿತು. ಮನೆಗಳ ರೂಟರುಗಳು, ಕಾವಲು ಕ್ಯಾಮೆರಾಗಳು ಮುಂತಾದ ಸಣ್ಣ ಉಪಕರಣಗಳಲ್ಲಿ ಓಡುತ್ತಿದ್ದುದು ಲಿನಕ್ಸೇ. ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಅವುಗಳ ಬಾಗಿಲನ್ನು ಹೇಗೆ ತೆರೆಯಿತು? ಯಾವ ಮಹಾ ವಿದ್ಯೆಯಿಂದಲೂ ಅಲ್ಲ. ಕಾರ್ಖಾನೆಯಲ್ಲಿ ಹಾಕಿದ್ದ ಪಾಸ್‌ವರ್ಡನ್ನು ಕೊಂಡವರು ಬದಲಾಯಿಸಿರಲಿಲ್ಲ. ಅಂತಹ 60ರಷ್ಟು ಹೆಸರು ಮತ್ತು ಪಾಸ್‌ವರ್ಡುಗಳ ಪಟ್ಟಿಯೊಂದೇ ಅದಕ್ಕೆ ಸಾಕಾಯಿತು. ಆ ಉಪಕರಣಗಳನ್ನೆಲ್ಲ ಒಟ್ಟುಗೂಡಿಸಿ ಅಕ್ಟೋಬರ್ 21ರಂದು ನಡೆಸಿದ ದಾಳಿಯಿಂದ ಅಮೆರಿಕದಲ್ಲಿ ಅನೇಕ ದೊಡ್ಡ ಅಂತರಜಾಲ ಸೇವೆಗಳು ಗಂಟೆಗಟ್ಟಲೆ ನಿಂತುವು. ಕೋಟೆ ಗಟ್ಟಿಯಾಗಿತ್ತು, ಬೀಗದ ಕೈಯನ್ನು ಬಾಗಿಲಲ್ಲಿಯೇ ಬಿಟ್ಟಿದ್ದರು.

ಈ ವಾದದಲ್ಲಿ ಪಣಕ್ಕಿರುವುದು ಕೆಲವು ಕಡತಗಳು ಮಾತ್ರವೆಂದು ಭಾವಿಸುವವರು 2017ರ ಮೇ 12ನ್ನು ನೆನೆಯಬೇಕು. ‘ವನ್ನಾಕ್ರೈ’ ಎಂಬ ಒತ್ತೆಹಣದ ವೈರಸ್ ಅಂದು ಸುಮಾರು 150 ದೇಶಗಳಿಗೆ ಹರಡಿತು. ಅದು ಹೊಕ್ಕ ಗಣಕದ ಕಡತಗಳಿಗೆಲ್ಲ ಬೀಗ ಬಿದ್ದು, 300 ಡಾಲರು ಕೊಡಿರೆಂಬ ಬರಹ ತೆರೆಯ ಮೇಲೆ ಮೂಡುತ್ತಿತ್ತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಆಸ್ಪತ್ರೆಗಳು ತತ್ತರಿಸಿದುವು. ವೈದ್ಯರಿಗೆ ರೋಗಿಯ ದಾಖಲೆ ಸಿಗಲಿಲ್ಲ. ಕೆಲವೆಡೆ ಆಂಬುಲೆನ್ಸುಗಳನ್ನು ಬೇರೆ ಊರಿಗೆ ತಿರುಗಿಸಬೇಕಾಯಿತು. ರದ್ದಾದ ಭೇಟಿಗಳು 19 ಸಾವಿರಕ್ಕೂ ಹೆಚ್ಚೆಂದು ಅಲ್ಲಿಯ ಸರ್ಕಾರದ ಲೆಕ್ಕತಪಾಸಣೆಯ ವರದಿ ಅಂದಾಜು ಮಾಡಿತು. ಶಸ್ತ್ರಚಿಕಿತ್ಸೆಗೆಂದು ಉಪವಾಸವಿದ್ದು ಬಂದ ರೋಗಿಯೊಬ್ಬನನ್ನು ಗಣಕ ಕೆಟ್ಟಿದೆಯೆಂದು ಹಿಂದಕ್ಕೆ ಕಳುಹಿಸಿದರೆ ಅವನ ಮನಃಸ್ಥಿತಿ ಹೇಗಿದ್ದೀತೆಂಬುದನ್ನು ಊಹಿಸಬಹುದು.

ಇದರಲ್ಲಿ ನೋವುಂಟುಮಾಡುವ ಸಂಗತಿಯೊಂದಿದೆ. ವನ್ನಾಕ್ರೈ ನುಸುಳಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ, ಎಂದರೆ ಎರಡು ತಿಂಗಳ ಮೊದಲೇ ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಂಡ ವಿಂಡೋಸ್ ಯಂತ್ರಗಳಿಗೆ ಆ ಕಿಂಡಿಯಿಂದ ಅಪಾಯವಿರಲಿಲ್ಲ. ಹಾಕಿಕೊಳ್ಳದವರು ಕೆಟ್ಟವರೇನೂ ಅಲ್ಲ. ಕೆಲಸದ ನಡುವೆ ಯಂತ್ರವನ್ನು ನಿಲ್ಲಿಸಲು ಮನಸ್ಸಾಗದವರು, ಹಳೆಯ ಉಪಕರಣ ಹೊಸದರೊಡನೆ ಹೊಂದದೆ ಹೋದೀತೆಂದು ಹೆದರಿದವರು, ಇದು ತಮ್ಮ ಕೆಲಸವೆಂದು ಯಾರೂ ಹೇಳದೆ ಇದ್ದವರು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯ ಜನ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ವಿಂಡೋಸೋ ಲಿನಕ್ಸೋ ಎಂಬ ಪ್ರಶ್ನೆಗಿಂತ, ತೇಪೆ ಹಾಕುವವರು ಯಾರು, ಎಂದು ಹಾಕುತ್ತಾರೆ ಎಂಬ ಪ್ರಶ್ನೆಯೇ ಅಂದು ಆ ಆಸ್ಪತ್ರೆಗಳ ಭವಿಷ್ಯವನ್ನು ನಿರ್ಧರಿಸಿತು.

ಇದರಿಂದ ವ್ಯವಸ್ಥೆಯನ್ನು ಬದಲಾಯಿಸುವುದೇ ವ್ಯರ್ಥವೆಂದು ಹೇಳಿದಂತಾಗುವುದಿಲ್ಲ. ಬದಲಾವಣೆಯ ಕಷ್ಟವನ್ನು ಅರಿತು ಬದಲಾಯಿಸಬೇಕು. ಜರ್ಮನಿಯ ಮ್ಯೂನಿಕ್ ನಗರಸಭೆಯು ತನ್ನ ಸುಮಾರು 15 ಸಾವಿರ ಗಣಕಗಳನ್ನು ಲಿನಕ್ಸಿಗೆ ಒಯ್ಯಲು 2003ರಲ್ಲಿ ನಿರ್ಧರಿಸಿತು. ಆ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು. 2017ರಲ್ಲಿ ಅದೇ ನಗರಸಭೆ ವಿಂಡೋಸಿಗೆ ಮರಳುವ ನಿರ್ಣಯ ಮಾಡಿತು. ಇತರ ಕಚೇರಿಗಳೊಡನೆ ಕಡತಗಳ ಕೊಡುಕೊಳ್ಳುವಿಕೆಯಲ್ಲಿ ತೊಡಕು, ನೌಕರರ ಅಸಮಾಧಾನ, ರಾಜಕೀಯ ಎಲ್ಲವೂ ಅದರಲ್ಲಿ ಬೆರೆತಿದ್ದುವು. ಇತ್ತ ಕೇರಳದ ಸರ್ಕಾರಿ ಶಾಲೆಗಳು 2000ದ ದಶಕದಲ್ಲಿ ಸ್ವತಂತ್ರ ತಂತ್ರಾಂಶವನ್ನು ಹಿಡಿದುವು, ಬಿಡಲಿಲ್ಲ. ಅಲ್ಲಿ ಯಂತ್ರಕ್ಕಿಂತ ಮೊದಲು ಶಿಕ್ಷಕರನ್ನು ಸಿದ್ಧಗೊಳಿಸಿದರು. ಪಾಠಗಳನ್ನೂ ಅದಕ್ಕೆ ತಕ್ಕಂತೆ ಬರೆದರು. ಬದಲಾದುದು ಗಣಕ ಮಾತ್ರವಾದರೆ ಮನುಷ್ಯನು ಹಳೆಯದಕ್ಕೇ ಹಿಂದಿರುಗುತ್ತಾನೆಂಬುದಕ್ಕೆ ಈ ಎರಡು ಊರುಗಳನ್ನು ಹೋಲಿಸಿದರೆ ಸಾಕ್ಷಿ ದೊರೆಯುತ್ತದೆ.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕೂ ಉಂಟು. ವಿಂಡೋಸಿಗಾಗಿ ಸಿದ್ಧವಾದ ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದ ಕಡತಗಳು ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ರಾಶಿ ರಾಶಿಯಾಗಿವೆ. ತಕ್ಕ ಫಾಂಟು ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಯೂನಿಕೋಡಿನಲ್ಲಿ ಬರೆದುದಕ್ಕೆ ಈ ಬಾಧೆಯಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳದೆ ಲಿನಕ್ಸಿಗೆ ಹೋದವನು ಮೊದಲ ದಿನವೇ ಅದನ್ನು ಶಪಿಸುತ್ತಾನೆ; ತಪ್ಪು ಲಿನಕ್ಸಿನದಲ್ಲ.

ವಿಂಡೋಸ್ 11ನ್ನು ಒಪ್ಪದ ಹತ್ತು ಹಳೆಯ ಗಣಕಗಳಿರುವ ಒಂದು ಶಾಲೆಯು ಏನು ಮಾಡಬೇಕು? ಬೆಂಬಲವಿಲ್ಲದ ವ್ಯವಸ್ಥೆಯ ಮೇಲೆ ಹಣಕೊಟ್ಟು ಒಂದು ಆಂಟಿವೈರಸ್ಸನ್ನು ಹೊದಿಸುವುದು ಸರಿಯಾದ ದಾರಿಯಲ್ಲ. ಗೋಡೆ ಬಿರುಕು ಬಿಟ್ಟಿರುವಾಗ ಕಾವಲುಗಾರನ ಸಂಬಳ ಹೆಚ್ಚಿಸಿದಂತಾದೀತು. ಲಿನಕ್ಸಿಗೆ ಹೋಗುವುದೇ ಅಲ್ಲಿ ಮೇಲು. ಹೋಗುವ ಮೊದಲು ಮಕ್ಕಳ ಅಂಕಪಟ್ಟಿಗಳನ್ನೂ ಇತರ ಕಡತಗಳನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ಆ ಡಿಸ್ಕನ್ನು ಗಣಕದಿಂದ ಬಿಡಿಸಿ ಬೀರುವಿನಲ್ಲಿ ಇಡಬೇಕು. ಬಳಿಕ, ಇದ್ದುದನ್ನು ಅಳಿಸದೆ, ಒಂದೇ ಒಂದು ಗಣಕವನ್ನು ಪೆನ್‌ಡ್ರೈವಿನಿಂದ ಲಿನಕ್ಸಿನಲ್ಲಿ ನಡೆಸಿ ನೋಡಬಹುದು. ಮುದ್ರಕವು ಓಡುತ್ತದೆಯೆ, ಕನ್ನಡ ಬರೆಯಲಾಗುತ್ತದೆಯೆ, ಕಚೇರಿಯ ಗುಮಾಸ್ತರಿಗೆ ಒಗ್ಗುತ್ತದೆಯೆ ಎಂಬುದು ಒಂದು ವಾರದಲ್ಲಿ ತಿಳಿದುಬರುತ್ತದೆ. ಉಳಿದ ಒಂಬತ್ತರ ವಿಚಾರವನ್ನು ಆಮೇಲೆ ಎತ್ತಿಕೊಳ್ಳಬಹುದು. ಅಷ್ಟರೊಳಗೆ ತಿಂಗಳಿಗೊಮ್ಮೆ ಅಪ್‌ಡೇಟ್ ಹಾಕುವ ಹೊಣೆ ಯಾರದೆಂದು ಗೋಡೆಯ ಫಲಕದ ಮೇಲೆ ಹೆಸರು ಬರೆದಿರಬೇಕು.