ಎಂ.ಎ.ಯೋ, ಬಿ.ಎಡ್.ಓ?

ವಿಜಯನಗರದ ತಾಯಿಯೊಬ್ಬರ ಪ್ರಶ್ನೆ: ಮಗಳು ಕನ್ನಡ ಎಂ.ಎ. ಎನ್ನುತ್ತಾಳೆ, ಯಜಮಾನರು ಬಿ.ಎಡ್. ಎನ್ನುತ್ತಾರೆ, ಯಾವುದು ಮೇಲು?

ತಾಯಿ, ಎರಡೂ ಎರಡೆರಡು ವರ್ಷದ ವ್ಯಾಸಂಗವೇ. ಬಿ.ಎಡ್. ಪ್ರೌಢಶಾಲೆಯ ದಾರಿ. ಜ್ಞಾನಭಾರತಿಯ ಎಂ.ಎ. ಪದವಿಯೊಂದರಿಂದಲೇ ಕಾಲೇಜಿನ ಕಾಯಂ ಹುದ್ದೆ ದೊರೆಯದು. ಸಾಮಾನ್ಯ ವರ್ಗಕ್ಕೆ ಶೇಕಡಾ 55 ಅಂಕ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ತೇರ್ಗಡೆ ಬೇಕು. ಪಿಎಚ್.ಡಿ. ಕಡ್ಡಾಯವಲ್ಲ. ನೆಟ್‌ನಲ್ಲಿ ಜೆ.ಆರ್.ಎಫ್. ಲಭಿಸಿದರೆ ಸಂಶೋಧನೆಗೆ ಮೊದಲೆರಡು ವರ್ಷ ಮಾಸಿಕ 37,000 ರೂಪಾಯಿ. ಇವಾವುವೂ ಇಲ್ಲದೆ ಅತಿಥಿ ಉಪನ್ಯಾಸಕರಾಗಿಯೇ ಕೂದಲು ನರೆಸಿಕೊಂಡವರನ್ನು ಬಲ್ಲೆ; ಪಾಂಡಿತ್ಯದಲ್ಲಿ ನನಗಿಂತ ಮಿಗಿಲಾದವರು.

ಹಳಗನ್ನಡ ಓದುವಾಗ ಹುಡುಗಿಗೆ ಊಟದ ಹೊತ್ತು ಮರೆಯುವುದುಂಟೆ? ಹಾಗಾದರೆ ಎಂ.ಎ.ಗೇ ಸೇರಲಿ. ಅಂತಿಮ ವರ್ಷದಲ್ಲೇ ನೆಟ್‌ಗೆ ಕುಳಿತುಕೊಳ್ಳಬಹುದು. ಒಂದೆರಡು ಸಲ ನೋಡಿ, ಆಗದಿದ್ದರೆ ಯಜಮಾನರ ಮಾತಿನಂತೆ ಬಿ.ಎಡ್. ಮಾಡಲಿ.