ಹೊಡೆದದ್ದು ಜಿರಲೆಗೆ, ತಗುಲಿದ್ದು ಹಕ್ಕಿಗೆ

ಹಬ್ಬ ಹತ್ತಿರ ಬಂತೆಂದರೆ ನಮಗೆಲ್ಲ ಧೂಳು ಹೊಡೆಯುವ, ಡಬ್ಬ ತೊಳೆಯುವ ಹುರುಪು. ಅಡುಗೆಮನೆಯ ಮೂಲೆಯಲ್ಲಿ ಒಂದು ಜಿರಲೆ ಮೀಸೆ ಆಡಿಸಿದರೆ ಸಾಕು, ಅಂಗಡಿಯಿಂದ ಔಷಧಿ ಡಬ್ಬಿ ತರಿಸಿ ಪುಸ್ ಅಂತ ಹೊಡೆದುಬಿಡುತ್ತೇವೆ. ನಾನೂ ಹಾಗೆ ಮಾಡಿದವಳೇ. ಮನೆಯಲ್ಲಿ ಲವ್ ಬರ್ಡ್ಸ್ ಸಾಕಿರುವ ಸೋದರಿಯರೇ, ಈ ಸಲದ ಮಾತು ನಿಮಗಾಗಿ.

ಕೆಲವು ವರ್ಷಗಳ ಹಿಂದಿನ ದೀಪಾವಳಿ. ಅಡುಗೆಮನೆಗೆ ಸೇರಿದ ಹಜಾರದಲ್ಲಿ ನನ್ನ ಚಿಕ್ಕ ಮಗನ ಎರಡು ಹಕ್ಕಿಗಳ ಪಂಜರವಿತ್ತು. 'ಹಕ್ಕಿಗೆ ತಗುಲಬಾರದು' ಎಂದು ಪಂಜರದ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿ, ಸಿಂಕಿನ ಕೆಳಗೆಲ್ಲ ಔಷಧಿ ಹೊಡೆದೆ. ದೊಡ್ಡ ಜಾಗ್ರತೆ ಮಾಡಿದೆನೆಂದೇ ನನ್ನ ಎಣಿಕೆ! ಸಂಜೆ ಸೀರೆ ತೆಗೆದರೆ ಹಳದಿ ಹಕ್ಕಿ ಪಂಜರದ ತಳದಲ್ಲಿ ಕುಳಿತು, ಬಾಯಿ ತೆರೆದು ಉಸಿರಾಡುತ್ತಿತ್ತು. ಬೆಳಗ್ಗೆ ಅದಿಲ್ಲ. ಮಗ ಅಳಲಿಲ್ಲ. "ಅಮ್ಮಾ, ನೀನು ಜಿರಲೆಗೆ ತಾನೇ ಹೊಡೆದದ್ದು?" ಅಂತ ಒಂದೇ ಮಾತು ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಪಶುವೈದ್ಯರು ತಿಳಿಸಿ ಹೇಳಿದರು. ನಾವು ಲವ್ ಬರ್ಡ್ಸ್ ಅನ್ನುವ ಈ ಆಸ್ಟ್ರೇಲಿಯಾ ಮೂಲದ ಪುಟ್ಟ ಹಕ್ಕಿಯ ತೂಕ 30-40 ಗ್ರಾಂ, ಅಂದರೆ ಒಂದು ನಿಂಬೆಹಣ್ಣಿನಷ್ಟು. ಅದರ ದೇಹದಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇವೆ. ಹಾರಲು ಬೇಕಾದ ಶಕ್ತಿಗಾಗಿ ಅದು ಗಾಳಿಯನ್ನು ನಮಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ. ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಬೇಗ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದುದು ಇದಕ್ಕೇ. ವಿಷದ ಗಾಳಿ ಮನುಷ್ಯರಿಗೆ ತಿಳಿಯುವ ಮೊದಲೇ ಹಕ್ಕಿ ತತ್ತರಿಸುತ್ತಿತ್ತು. ಇನ್ನು ನನ್ನ ಹಳೆಯ ಸೀರೆ ಏನನ್ನು ತಡೆದೀತು, ನೀವೇ ಹೇಳಿ!

ಹಾಗಾದರೆ ಜಿರಲೆ, ಇರುವೆಗಳ ಜೊತೆ ಸಂಸಾರ ಮಾಡಬೇಕೇ ಅಂತೀರಾ? ಬೇಡ. ದಾರಿಗಳಿವೆ.

ಜಿರಲೆ: ರಾತ್ರಿ ಅದಕ್ಕೆ ಬೇಕಾದದ್ದು ನೀರು, ಎಂಜಲು. ಮಲಗುವ ಮುಂಚೆ ಮುಸುರೆ ಪಾತ್ರೆ ತೊಳೆದಿಡಿ, ಸಿಂಕನ್ನು ಒಣಬಟ್ಟೆಯಿಂದ ಒರೆಸಿ, ಬಚ್ಚಲ ತೂಬಿಗೆ ಜಾಲರಿ ಹಾಕಿಸಿ, ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿಸಿ. ಆಮೇಲೆ ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ, ಗೋಧಿಹಿಟ್ಟು, ಸಕ್ಕರೆ ಸಮಸಮ ಬೆರೆಸಿ, ನೀರು ಚಿಮುಕಿಸಿ, ಕಡಲೆಕಾಳಿನಷ್ಟು ಉಂಡೆ ಕಟ್ಟಿ. ಕಪಾಟಿನ ಒಳಮೂಲೆ, ಫ್ರಿಜ್ಜಿನ ಹಿಂಬದಿಯಲ್ಲಿಡಿ. ಒಂದೇ ದಿನಕ್ಕೆ ಫಲ ಸಿಗದು, ತಾಳ್ಮೆ ಬೇಕು. ಆದರೆ ಇದೂ ವಿಷವೇ! ಮಕ್ಕಳ ಕೈಗೆ, ಹಕ್ಕಿಯ ಕೊಕ್ಕಿಗೆ ಎಟುಕದಂತಿರಲಿ. ಹಕ್ಕಿಯನ್ನು ಪಂಜರದಿಂದ ಹೊರಗೆ ಬಿಡುವ ಕೋಣೆಯಲ್ಲಂತೂ ಇಡಲೇಬೇಡಿ. ಅಂಟಿನ ಹಲಗೆಯೂ ಅಲ್ಲಿ ಬೇಡ. ರೆಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಇರುವೆ: ಅಜ್ಜಿ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ವಾರಕ್ಕೆರಡು ಸಲ ನೀರು ಬದಲಿಸಿ, ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ತೂಗುಹಾಕಿದ ಪಂಜರವಾದರೆ ಮೇಲಿನ ಕೊಕ್ಕೆಗೆ, ಹಕ್ಕಿಗೆ ಎಟುಕದಷ್ಟು ಎತ್ತರದಲ್ಲಿ, ವ್ಯಾಸಲೀನ್ ಸವರಿ. ಸಾಲನ್ನು ಸೋಪಿನ ನೀರಿನಲ್ಲಿ ಒರೆಸಿದರೆ ಇರುವೆಗೆ ದಾರಿ ತಪ್ಪುತ್ತದೆ. ಇರುವೆ ಪುಡಿ, ಜಿರಲೆ ಸೀಮೆಸುಣ್ಣ ಪಂಜರದ ಸುತ್ತ ಬೇಡವೇ ಬೇಡ.

ಸೊಳ್ಳೆ: ಬತ್ತಿ, ಮ್ಯಾಟ್, ಲಿಕ್ವಿಡ್ ಯಾವುದನ್ನೂ ಹಕ್ಕಿಯಿರುವ ಕೋಣೆಯಲ್ಲಿ ಹಚ್ಚಬೇಡಿ. ಸಾಂಬ್ರಾಣಿ ಹೊಗೆಯೂ ಹೊಗೆಯೇ, ದೇವರ ಮನೆಯದಾದರೂ ಸರಿ. ಕಿಟಕಿಗೆ ಜಾಲರಿ ಹಾಕಿಸಿ, ಮುಸ್ಸಂಜೆಗೆ ಬಾಗಿಲು ಮುಚ್ಚಿ. ಹಳೆಯ ಸೊಳ್ಳೆಪರದೆಯ ತುಂಡನ್ನು ಪಂಜರಕ್ಕೆ ಸುತ್ತಿ.

ಕಾಳಿನ ಹುಳು, ಇಲಿ: ನವಣೆ, ಸಜ್ಜೆಯನ್ನು ಸ್ವಲ್ಪ ಸ್ವಲ್ಪವೇ ತಂದು, ಬಿಸಿಲಿಗೆ ಹಾಕಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ. ನುಸಿ ಗುಳಿಗೆ ಹತ್ತಿರ ಸುಳಿಯಬಾರದು. ಪಂಜರದ ಕೆಳಗೆ ಬಿದ್ದ ಕಾಳು, ಹೊಟ್ಟನ್ನು ಪ್ರತಿ ಸಂಜೆ ಗುಡಿಸಿ. ಇಲಿಯನ್ನು ಕರೆಯುವುದೇ ಅದು. ಬಂದರೆ ಇಲಿಪಾಷಾಣವಲ್ಲ, ಇಲಿಬೋನು.

ಹಕ್ಕಿಯ ಮೈಹುಳು: ರಾತ್ರಿ ಹಕ್ಕಿ ನಿದ್ದೆಯಿಲ್ಲದೆ ಮೈ ಕೆರೆದುಕೊಳ್ಳುತ್ತಿದೆಯೇ? ಪಂಜರಕ್ಕೆ ಬಿಳಿ ಬಟ್ಟೆ ಹೊದಿಸಿ, ಬೆಳಗ್ಗೆ ಮಡಿಕೆಗಳಲ್ಲಿ ನೋಡಿ. ಕೆಂಪು ಚುಕ್ಕೆಯಂಥ ಹುಳು ಹರಿದಾಡಿದರೆ ಅವು ರಕ್ತ ಹೀರುವ ನುಸಿಗಳು. ಹಗಲಲ್ಲಿ ಗೂಡಿನ ಮರದ ಸಂದಿಯಲ್ಲಿ ಅಡಗಿರುತ್ತವೆ. ಹಕ್ಕಿಯನ್ನು ಬೇರೆಡೆ ಇಟ್ಟು, ಪಂಜರ, ಗೂಡನ್ನು ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಹಕ್ಕಿಗೆ ಔಷಧಿ ಮಾತ್ರ ಪಶುವೈದ್ಯರನ್ನು ಕೇಳಿಯೇ. ನಾಯಿಯ ಉಣ್ಣೆಗೆ ಹಾಕುವ ಪುಡಿಯನ್ನು ಉದುರಿಸಬೇಡಿ.

ಗೆದ್ದಲು ಹಿಡಿದು, ಆಳುಗಳನ್ನು ಕರೆಸಿ ಔಷಧಿ ಹೊಡೆಸಲೇಬೇಕಾಯಿತೇ? 'ಮನೆಯಲ್ಲಿ ಹಕ್ಕಿಯಿದೆ' ಎಂದು ಮೊದಲೇ ಹೇಳಿ. ಅವರು ಬರುವ ಮುಂಚೆಯೇ ಪಂಜರ, ಕಾಳು, ನೀರಿನ ಬಟ್ಟಲು ಎಲ್ಲವನ್ನೂ ನೆಂಟರ ಮನೆಗೆ ಸಾಗಿಸಿ. ಕೆಲವು ದಿನ ಕಿಟಕಿ ತೆರೆದಿಟ್ಟು, ನೆಲ ಒರೆಸಿ, ಎಷ್ಟು ದಿನ ಕಾಯಬೇಕೆಂದು ಅವರನ್ನೂ ವೈದ್ಯರನ್ನೂ ಕೇಳಿ, ಆಮೇಲೆ ಕರೆತನ್ನಿ.

ಇಷ್ಟಾದರೂ ಎಲ್ಲೋ ತಪ್ಪಾಯಿತು ಅನ್ನಿ. ಹಕ್ಕಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಕೂಡಲೇ ಪಂಜರವನ್ನು ಒಳ್ಳೆಯ ಗಾಳಿಗೆ ಒಯ್ಯಿರಿ. ಬಾಯಿಗೆ ಹಾಲು, ನೀರು ಹೊಯ್ಯಬೇಡಿ, ಉಸಿರ ನಾಳಕ್ಕೆ ಹೋದೀತು. ಬೆಚ್ಚಗೆ, ಸದ್ದಿಲ್ಲದಂತೆ ಇಟ್ಟು ಪಶು ಆಸ್ಪತ್ರೆಗೆ ಓಡಿ. ಔಷಧಿ ಡಬ್ಬಿಯೂ ಜೊತೆಗಿರಲಿ. 'ಬೆಳಗ್ಗೆ ನೋಡೋಣ' ಅನ್ನಬೇಡಿ. ನಾನು ಹಾಗೆ ಅಂದವಳು.

ಒಂದು ಕಿವಿಮಾತು. ನಮ್ಮ ಕಾಡು, ತೋಟದ ಗಿಣಿಗಳನ್ನು ಪಂಜರದಲ್ಲಿಡುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ಯಾರಾದರೂ ಮಾರಲು ತಂದರೆ ಮಕ್ಕಳು ಹಟ ಮಾಡಿದರೂ ಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಉಳಿದ ನೀಲಿ ಹಕ್ಕಿಗೆ ಆಮೇಲೆ ಜೊತೆ ತಂದೆವು. ಈಗ ಜಿರಲೆ ಕಂಡರೆ ಮಗನೇ ಚಪ್ಪಲಿ ಹಿಡಿದು ಓಡುತ್ತಾನೆ. ಔಷಧಿ ಡಬ್ಬಿ ಮತ್ತೆ ಮನೆಗೆ ಬಂದಿಲ್ಲ.