ಹ್ಯಾಂಗ್ ಆಗಿದ್ದು ಕಂಪ್ಯೂಟರ್ ಅಲ್ಲ

ಬ್ಯಾಟರಾಯನಪುರದ ಪಿಜಿಯಲ್ಲಿದ್ದು ಕಂಪ್ಯೂಟರ್ ಕೋರ್ಸ್ ಮಾಡುತ್ತಿರುವ ನಮ್ಮೂರ ಹುಡುಗಿ ಮೊನ್ನೆ ಅಳುತ್ತಾ ಫೋನ್ ಮಾಡಿದ್ದಳು. ಲಿನಕ್ಸ್ ಟರ್ಮಿನಲ್‌ನಲ್ಲಿ ಪ್ರೋಗ್ರಾಂ ಬರೆಯುತ್ತಾ, ಸೇವ್ ಮಾಡೋಣವೆಂದು ಕಂಟ್ರೋಲ್ ಮತ್ತು ಎಸ್ ಒತ್ತಿದ್ದಾಳೆ. ಪರದೆ ಅಲ್ಲೇ ನಿಂತಿದೆ. ಹ್ಯಾಂಗ್ ಆಯಿತೆಂದು ವಿಂಡೋ ಮುಚ್ಚಿದ್ದಾಳೆ. ಎರಡು ಗಂಟೆಯ ಕೆಲಸ ಹೋಯಿತು. "ಇದು ನನ್ನ ತಲೆಗೆ ಹತ್ತಲ್ಲ ಅಕ್ಕ" ಅಂದಳು.

ತಪ್ಪು ಅವಳದಲ್ಲ. ಹಳೆಯ ಟೆಲಿಟೈಪ್ ಯಂತ್ರಗಳ ಕಾಲದಲ್ಲಿ, ಬರುತ್ತಿರುವ ಅಕ್ಷರಗಳನ್ನು ತಡೆದು ನಿಲ್ಲಿಸಲು ಇದ್ದ ಕೀಲಿ ಅದು. ಕಂಟ್ರೋಲ್ ಮತ್ತು ಕ್ಯೂ ಒತ್ತಿದ್ದರೆ ಎಲ್ಲ ಮರಳುತ್ತಿತ್ತು. ಇಂಗ್ಲಿಷ್ ಸಣ್ಣಕ್ಷರದಲ್ಲಿ ಎಸ್‌ಟಿಟಿವೈ ಎಂದು ಬರೆದು, ಜಾಗ ಬಿಟ್ಟು, ಮೈನಸ್ ಚಿಹ್ನೆಗೆ ಅಂಟಿಸಿ ಐಎಕ್ಸ್‌ಓಎನ್ ಎಂದು ಕೊಟ್ಟರೆ ಆ ಟರ್ಮಿನಲ್‌ನಲ್ಲಿ ಈ ಕಾಟ ತಪ್ಪುತ್ತದೆ. ಅದೇ ಸಾಲನ್ನು ಬ್ಯಾಶ್‌ಆರ್‌ಸಿ ಫೈಲಿಗೆ ಸೇರಿಸಿದರೆ ಪ್ರತಿ ಸಲ ಬರೆಯಬೇಕಿಲ್ಲ. ಮೊಬೈಲಿನ ಟರ್ಮಕ್ಸ್ ಆ್ಯಪ್ ಮಾಡಿದವರು ಇದನ್ನು ಮೊದಲೇ ಆಫ್ ಮಾಡಿಟ್ಟಿದ್ದಾರೆ.

ಫೀಸು ಕಟ್ಟಿಸಿಕೊಳ್ಳುವವರು ಮೊದಲ ದಿನವೇ ಇಷ್ಟನ್ನು ಕನ್ನಡದಲ್ಲಿ ಹೇಳಬೇಕು. ಹೇಳದೆ ಬಿಟ್ಟರೆ ಹಳ್ಳಿಯ ಮಕ್ಕಳು ಯಂತ್ರದ ಹಳೇ ಸೆಟ್ಟಿಂಗನ್ನು ತಮ್ಮ ದಡ್ಡತನ ಅಂದುಕೊಳ್ಳುತ್ತಾರೆ. ನಿಮ್ಮ ಮನೆಯವರು ಯಾರಾದರೂ ಓದಲು ಹೋಗಿದ್ದರೆ ಇದನ್ನು ಫಾರ್ವರ್ಡ್ ಮಾಡಿ.